ಹೊಸೋಯಾ ಮನೆಯವರ ಶನಿವಾರದ ಸ್ನಾನ

ಒಸಾಕಾಕ್ಕೆ ಅಂಟಿಕೊಂಡ ಸಾಕಾಯ್ ಊರಿನ ಆ ಹಳೆಯ ವಸತಿ ಕಟ್ಟಡದಲ್ಲಿ ಕೊಲೆ ಮಾಡಿ ಬಂದವನನ್ನಾದರೂ ಕ್ಷಮಿಸಿಯಾರು, ಪರಸ್ಥಳಕ್ಕೆ ಹೋಗಿ ಬರಿಗೈಯಲ್ಲಿ ಬಂದವನನ್ನು ಕ್ಷಮಿಸುವುದಿಲ್ಲ. ಯಾರು ಎಲ್ಲಿಗೆ ಹೋದರೂ ಆ ಊರಿನ ಹೆಸರಿರುವ ಕಾಗದ ಸುತ್ತಿದ ಮಿಠಾಯಿ ಅಕ್ಕಪಕ್ಕದ ಮನೆಗಳಿಗೆ ಬರಲೇಬೇಕು. ಮಾವನ ತಿಥಿಗೆ ಹೋದವರೂ ತರುತ್ತಾರೆ. ಪಿತ್ತಕೋಶ ತೆಗೆಸಿಕೊಂಡು ಬಂದವರೊಬ್ಬರು ಆಸ್ಪತ್ರೆಯ ಅಂಗಡಿಯ ಬಿಸ್ಕತ್ತು ಹಂಚಿದ್ದರು. ಅವರಿಗೆ ಅಲ್ಲಿ ಇವತ್ತಿಗೂ ಒಳ್ಳೆಯ ಹೆಸರಿದೆ.

ಅಂಥ ಕಟ್ಟಡದ ಐದನೆಯ ಮಹಡಿಯಲ್ಲಿ ಹೊಸೋಯಾ ತೆತ್ಸುರೋ ಸಂಸಾರ ಹೂಡಿದ್ದ. ಬಾಟಲಿ ಮುಚ್ಚಳ ಮಾಡುವ ಕಂಪನಿಯಲ್ಲಿ ಉಪವಿಭಾಗದ ಉಪಮುಖ್ಯಸ್ಥ. ಜೀವಮಾನವೆಲ್ಲ ಮುಚ್ಚಳದ ಸೇವೆಯಲ್ಲೇ ಕಳೆದದ್ದರಿಂದ, ಒಳಗಿನದು ಒಂದು ಹನಿಯೂ ಹೊರಗೆ ಚೆಲ್ಲಬಾರದು ಎನ್ನುವುದೇ ಅವನ ಧರ್ಮವಾಗಿತ್ತು.

ಒಳಗಾದರೋ ಉಕ್ಕುತ್ತಿತ್ತು. ಮಗಳು ಮಿನೋರಿ ಚೆರ್ರಿ ಹೂ ಬಿಡುವ ಕಾಲದಲ್ಲಿ ಹೈಸ್ಕೂಲಿಗೆ ಹೋಗುವುದನ್ನು ನಿಲ್ಲಿಸಿ ಕೋಣೆ ಸೇರಿದವಳು ಮಳೆಗಾಲ ಮುಗಿದರೂ ಹೊರಗೆ ಬಂದಿರಲಿಲ್ಲ. ತಾಯಿ ಫುಸಾಯೆಯ ಹತ್ತಿರ ಬಾಗಿಲ ಹಿಂದಿನಿಂದ ಎರಡು ಮಾತು ಆಡುವಳು. ಅಪ್ಪನ ಹತ್ತಿರ ಅದೂ ಇಲ್ಲ. ಅವನು ಬಾಗಿಲು ತಟ್ಟಿದರೆ ಒಳಗಿನಿಂದ ಪೆನ್ಸಿಲ್ಲಿನ ಸದ್ದೂ ನಿಂತುಬಿಡುತ್ತಿತ್ತು.

"ರೀ, ಮನಸ್ಸಿನ ವಿಷಯ ತಿಳಿದವರ ಹತ್ರ ಹೋಗೋಣ ಅಂತ ಮಿನೋರಿಗೆ ಅಂದೆ," ಎಂದಳು ಫುಸಾಯೆ ಒಂದು ದಿನ. "ಬರ್ತಾಳಂತೆ. ಆದ್ರೆ ನಾಲ್ಕೂ ಜನ ಒಟ್ಟಿಗೆ ಹೋಗ್ಬೇಕಂತೆ. ಅತ್ತೆನೂ ಸೇರಿ."

"ಅಮ್ಮ ಯಾಕೆ? ಅಮ್ಮನಿಗೇನಾಗಿದೆ?"

"'ನಾನೊಬ್ಳೇ ರೋಗಿ ಅಲ್ಲ' ಅಂತಾಳೆ."

ತೆತ್ಸುರೋ ಹುಡುಕಾಟಕ್ಕೆ ಇಳಿದ. ಕಪ್ಪು ಕನ್ನಡಕ, ಮುಖಗವಸು, ಬಿಸಿಲಿನಲ್ಲಿ ಮಳೆಯಂಗಿ, ಹೀಗೆ ಬೀದಿಯವರೆಲ್ಲ ತಿರುಗಿ ತಿರುಗಿ ನೋಡುವ ವೇಷ ತೊಟ್ಟು ಗುಟ್ಟಾಗಿ ಓಡಾಡಿದ. ಮೊದಲು ಹೋದ ಕಡೆ ಮಕ್ಕಳಿಗೆ ಮಾತ್ರ ಪ್ರವೇಶ. "ಅಜ್ಜಿಗೆ ಹದಿನೆಂಟರ ಒಳಗಿದ್ರೆ ನೋಡಬಹುದಿತ್ತು," ಎಂದು ಅಲ್ಲಿನ ಹುಡುಗಿ ನಿಜಕ್ಕೂ ಮರುಗಿದಳು. ಮುಂದಿನದು ಹಿರಿಯರ ಕೇಂದ್ರ. "ಮಗಳಿಗೆ ಅರವತ್ತೈದು ತುಂಬಿದ ತಕ್ಷಣ ಕರ್ಕೊಂಡು ಬನ್ನಿ ಸಾರ್, ಜಾಗ ಇಟ್ಟಿರ್ತೀವಿ," ಎಂದರು. ಇನ್ನೊಂದು ಕಡೆ ಎಲ್ಲರೂ ಬರಬಹುದಾಗಿತ್ತು, ಆದರೆ ಅದಿದ್ದದ್ದು ನಾಲ್ಕನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ತೆತ್ಸುರೋ ಪರೀಕ್ಷೆಗೆಂದು ಗಾಲಿಕುರ್ಚಿಯ ತಾಯಿಯನ್ನು ಬೆನ್ನ ಮೇಲೆ ಹೊತ್ತು ಹತ್ತಿದ. ಎರಡನೆಯ ಮಹಡಿಯಲ್ಲಿ ಸೊಂಟ ಹಿಡಿದುಕೊಂಡಿತು. ಮೇಲಿನಿಂದ ಇಳಿದುಬಂದ ಸಲಹೆಗಾರರು ಮೆಟ್ಟಿಲ ಮೇಲೆ ಕುಳಿತು, ತಮ್ಮ ವೃತ್ತಿಗೆ ತಕ್ಕ ಮೆಲುದನಿಯಲ್ಲಿ, "ಮನೆಯಲ್ಲಿ ಯಾರಿಗಾದರೂ ಮನಸ್ಸಿಗೆ ನೋವಿದೆಯೇ?" ಎಂದು ಕೇಳಿದರು.

ಉಮೆ ಅಜ್ಜಿಗೆ ಕಿವಿ ಮಂದ. "ಏನಂತಾನೆ ಇವ್ನು? ಜೋರಾಗಿ ಒದರೋಕೆ ಹೇಳೋ ತೆತ್ಸು! ನಿಂಗೆ ಹುಚ್ಚು ಅಂತಾನಾ?"

ಆ ಕೂಗು ಕೆಳಗಿನ ಮೀನಿನಂಗಡಿಗೂ ಕೇಳಿತು. ಸೊಂಟ ಹಿಡಿದುಕೊಂಡು ಕೆಳಗಿಳಿದ ತೆತ್ಸುರೋನನ್ನು ಮೀನಿನವನೇ ಕರೆದು ಹೇಳಿದ. "ಪಕ್ಕದೂರಲ್ಲಿ ತೊಕುನಾಗಾ ಅಂತ ಒಬ್ರು ಹೆಂಗಸು ಇದಾರೆ. ಮೆಟ್ಟಿಲಿಲ್ಲ, ಅಜ್ಜಿಗೆ ಕಿವೀನೂ ಕೇಳ್ಸತ್ತೆ. ಅಲ್ಲಿಗ್ ಹೋಗಿ."

ತೊಕುನಾಗಾ ಎಂಬ ಆ ಆಪ್ತ ಸಮಾಲೋಚಕಿಯ ಅಜ್ಜಿ ಸಾರ್ವಜನಿಕ ಸ್ನಾನಗೃಹ ನಡೆಸಿದ್ದರು. ಒಲೆ ಆರಿ ವರ್ಷಗಳಾಗಿದ್ದವು. ಮೊಮ್ಮಗಳು ಗಂಡಸರಿಗೂ ಹೆಂಗಸರಿಗೂ ನಡುವೆ ಇದ್ದ ಗೋಡೆ ಒಡೆಸಿ, ಬಾಗಿಲಿಗೆ ಇಳಿಜಾರು ಹಾಕಿಸಿ, ನಡುವಿನ ದೊಡ್ಡ ತೊಟ್ಟಿಗೂ ಇಳಿಜಾರು ಕೊಟ್ಟು ಒಳಗೆ ದಿಂಬುಗಳನ್ನು ಹಾಕಿ ಅದನ್ನೇ ಸಮಾಲೋಚನೆಯ ಕೋಣೆ ಮಾಡಿದ್ದಳು. ಎಲ್ಲರೂ ತೊಟ್ಟಿಯೊಳಗೆ ಇಳಿದು ಸುತ್ತ ಕುಳಿತು ಮಾತಾಡಬೇಕು. ಗೋಡೆಯ ಟೈಲ್ಸ್‌ಗೆ ಬಡಿದು ಪಿಸುಮಾತೂ ಗುಡುಗುತ್ತಿತ್ತು.

ಮೊದಲ ಶನಿವಾರ ನಾಲ್ವರೂ ಒಳ್ಳೆಯ ಬಟ್ಟೆ ತೊಟ್ಟು ಹೊರಟರು. ಮಿನೋರಿ ಟೋಪಿಯಂಗಿಯ ಟೋಪಿಯನ್ನು ಮೂಗಿನತನಕ ಎಳೆದುಕೊಂಡಿದ್ದಳು. ಕೆಳಗೆ ಲಿಫ್ಟಿನ ಬಾಗಿಲು ತೆರೆದುಕೊಂಡರೆ ಎದುರಿಗೇ ನಿವಾಸಿಗಳ ಸಂಘದ ಅಧ್ಯಕ್ಷೆ ಕಿಶಿಗಾಮಿ ನಿಂತಿದ್ದಳು. ಆ ಕಟ್ಟಡದಲ್ಲಿ ಬೆಕ್ಕು ಮರಿ ಹಾಕಿದರೂ ಗಂಡು ಬೆಕ್ಕು ಯಾವುದೆಂದು ಆಕೆಗೆ ಗೊತ್ತಿರುತ್ತಿತ್ತು.

"ಓಹೋ! ಹೊಸೋಯಾ ಸಾನ್, ಸಂಸಾರ ಸಮೇತ ಸವಾರಿ ಎಲ್ಲಿಗೆ?"

"ಅದು... ಬಿಸಿನೀರ ಬುಗ್ಗೆಗೆ. ಅಮ್ಮನ ಮಂಡಿಗೆ ಒಳ್ಳೇದಂತೆ."

"ಯಾವ ಬುಗ್ಗೆ?"

ಅಂಗಳದ ಕೊಳದಲ್ಲಿ ಒಂದು ಆಮೆ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿತ್ತು. ತೆತ್ಸುರೋನ ಕಣ್ಣು ಅದರ ಮೇಲೆ ಬಿತ್ತು. "ಕಮೆನೋಯು," ಎಂದ. ಆಮೆಯ ಬಿಸಿನೀರು ಎಂದರ್ಥ. ಭೂಪಟದಲ್ಲಿ ಇಲ್ಲದ ಒಂದು ಪುಣ್ಯಕ್ಷೇತ್ರ ಹೀಗೆ ಹುಟ್ಟಿತು.

"ನನ್ನ ಮಂಡಿಗೇನಾಗಿದೆ?" ಎಂದು ಅಜ್ಜಿ ಕೂಗುವಷ್ಟರಲ್ಲಿ ಅವನು ಗಾಲಿಕುರ್ಚಿಯನ್ನು ಬೀದಿಗೆ ಹೊಡೆದಿದ್ದ.

ಅಂದು ತೊಟ್ಟಿಯೊಳಗೆ ಮಿನೋರಿ ಬಾಯಿ ಬಿಡಲಿಲ್ಲ, ಏನೋ ಗೀಚುತ್ತ ಕುಳಿತಳು. ಆದರೂ ಬಂದಿದ್ದಳಲ್ಲ, ಅಷ್ಟೇ ದೊಡ್ಡದು. ಆ ಸಮಾಧಾನದಲ್ಲಿ ಊರಿನ ನಿಲ್ದಾಣಕ್ಕೆ ವಾಪಸಾದಾಗ ಫುಸಾಯೆ ಗಕ್ಕನೆ ನಿಂತಳು. "ರೀ! ಮಿಠಾಯಿ!"

ನಿಲ್ದಾಣದ ಅಂಗಡಿಯಲ್ಲಿ ಹುರುಳಿ ಹೂರಣದ ಕಡುಬು ಕೊಂಡು, ಅಂಗಡಿಯ ಕಾಗದ ಕಿತ್ತೆಸೆದು ಬರೀ ಪೊಟ್ಟಣ ಹಂಚಿದರು. ಕಿಶಿಗಾಮಿ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಹೆಸರೇ ಇಲ್ವಲ್ರೀ?"

"ಅಲ್ಲಿಯವರು ಹಾಕಲ್ಲ. ಬಹಳ ಹಳೇ ಅಂಗಡಿ. ಗೊತ್ತಿದ್ದೋರಿಗೆ ಗೊತ್ತಿರತ್ತೆ ಅಂತಾರೆ."

ಹೆಸರು ಹಾಕದಷ್ಟು ದೊಡ್ಡ ಅಂಗಡಿ! ಸುದ್ದಿ ಸಂಜೆಯೊಳಗೆ ಎಲ್ಲ ಮಹಡಿಗಳನ್ನೂ ಹತ್ತಿ ಇಳಿಯಿತು. ಕೊಟ್ಟವರಿಗೆ ತಿರುಗಿ ಕೊಡದಿದ್ದರೆ ಮರ್ಯಾದೆಯೆಲ್ಲಿ? ಮೂಲಂಗಿ, ಕಿತ್ತಳೆ, ಟವೆಲು, ಒಣ ಮೀನು ಬಂದವು. ಬಂದದ್ದಕ್ಕೆ ಮತ್ತೆ ಕೊಡಬೇಕಾದ್ದರಿಂದ ಮುಂದಿನ ಶನಿವಾರ ಇನ್ನಷ್ಟು ಕಡುಬು ಬೇಕಾಯಿತು. ಕಾಗದವೂ ಇಲ್ಲದೆ ಎಷ್ಟು ವಾರ ದಬ್ಬುವುದು ಎಂದು ಗಂಡಹೆಂಡಿರು ಅಡುಗೆಮನೆಯಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ಮಗಳ ಕೋಣೆಯ ಬಾಗಿಲ ಸಂದಿಯಿಂದ ಒಂದು ಹಾಳೆ ಜಾರಿಬಂತು. ಆವಿಯೇಳುವ ನೀರು, ನಡುವೆ ಕನ್ನಡಕ ಹಾಕಿದ ಒಂದು ಆಮೆ, ತಲೆ ಅರ್ಧ ಚಿಪ್ಪಿನೊಳಗೆ. ಕೆಳಗೆ ಚೆಂದದ ಅಕ್ಷರದಲ್ಲಿ 'ಕಮೆನೋಯು'.

ತೆತ್ಸುರೋ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಮಗಳು ಅವನಿಗಾಗಿ ಏನಾದರೂ ಮಾಡಿ ಯುಗವೇ ಆಗಿತ್ತು. ಕಣ್ಣು ತುಂಬಿ ಕನ್ನಡಕ ಮಬ್ಬಾದದ್ದರಿಂದ ಆಮೆಯ ಮುಖ ಅವನಿಗೆ ಸರಿಯಾಗಿ ಕಾಣಲಿಲ್ಲ.

ಮುಂದಿನ ಶನಿವಾರ ಆ ಮುಖವನ್ನು ಸರಿಯಾಗಿ ಕಂಡವಳು ತೊಕುನಾಗಾ. "ಈ ಆಮೆ ಯಾರು ಅಂತ ಯಾರಾದರೂ ಹೇಳ್ತೀರಾ?" ಎಂದು ತೊಟ್ಟಿಯೊಳಗೆ ಹಾಳೆ ಎತ್ತಿ ಹಿಡಿದಳು.

ಅಜ್ಜಿ ಬಗ್ಗಿ ನೋಡಿದಳು. "ಯಾರೇನು ಕೇಳ್ತೀಯೆ? ನನ್ನ ಮಗ! ಚಿಕ್ಕೋನಿದ್ದಾಗ್ಲೂ ಹಿಂಗೇ, ಬಟ್ಟಲು ಒಡೆದ್ರೆ ಕಂಬಳಿಯೊಳಗೆ ಸೇರ್ಕೋತಿದ್ದ."

ಮಗ, ಮಗ, ಮಗ ಎಂದು ಗೋಡೆಗಳು ಸಾಕ್ಷಿ ಹೇಳಿದವು. ಮಿನೋರಿಯ ಟೋಪಿಯ ಕೆಳಗೆ ತುಟಿಯ ಅಂಚು ಚೂರು ಅಲುಗಿತು. ತೆತ್ಸುರೋ ಅದನ್ನು ನೋಡಿದ. ಆಮೆಯಾಗುವುದೇ ಆದರೆ ಸಾಯುವವರೆಗೂ ಆಗಿರುತ್ತೇನೆ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದ.

ಇನ್ನು ಕೇಳಬೇಕೆ? ಸುಳ್ಳಿಗೆ ಶ್ರದ್ಧೆಯೂ ಸೇರಿಕೊಂಡಿತು. ಪ್ರತಿ ವಾರ ಹೊಸ ಆಮೆ. ಕಿಶಿಗಾಮಿ ಕಾಗದಗಳಿಗೆ ಇಸ್ತ್ರಿ ಹಾಕಿ ತೆಗೆದಿಡತೊಡಗಿದಳು. "ಆದ್ರೂ ನಿಮ್ಮ ಮೈಮೇಲೆ ಬುಗ್ಗೆ ವಾಸನೇನೇ ಬರಲ್ವಲ್ಲ," ಎಂದು ಅವಳು ಒಮ್ಮೆ ಅಂದದ್ದೇ ತಡ, ತೆತ್ಸುರೋ ಸ್ನಾನದ ಗಂಧಕದ ಪುಡಿಯನ್ನು ನೀರಲ್ಲಿ ಕಲಸಿ, ನಿಲ್ದಾಣದ ಹಿಂದೆ ನಾಲ್ವರ ಕತ್ತಿಗೂ ಸಿಂಪಡಿಸಿದ. ಅಳತೆ ತುಸು ಹೆಚ್ಚಾಯಿತು. ಲಿಫ್ಟಿನಲ್ಲಿ ಜೊತೆಗಿದ್ದ ಎರಡನೆಯ ಮಹಡಿಯವರು ಮೂಗು ಹಿಡಿದುಕೊಂಡು ಇಳಿದು, ಗ್ಯಾಸ್ ಸೋರುತ್ತಿದೆ ಎಂದು ಫೋನು ಮಾಡಿದರು.

ಗ್ಯಾಸಿನವರು ಸೈರನ್ ಹಾಕಿಕೊಂಡು ಬಂದರು. ಕಟ್ಟಡವೆಲ್ಲ ಅಂಗಳಕ್ಕೆ ಇಳಿಯಿತು. ಉಪಕರಣಕ್ಕೆ ಏನೂ ಸಿಗದೆ, ಹಿರಿಯ ಗ್ಯಾಸಿನವನು ತನ್ನ ಮೂಗನ್ನೇ ನಂಬಿ ಜನರ ನಡುವೆ ಮೂಸುತ್ತ ಮೂಸುತ್ತ ಬಂದು ತೆತ್ಸುರೋನ ಕತ್ತಿನ ಬಳಿ ನಿಂತ.

"ಸಾರ್, ಸೋರ್ತಿರೋದು ನೀವು."

"ಬಾಯಿಗೆ ಬಂದಂಗೆ ಮಾತಾಡ್ಬೇಡ್ರೀ!" ಕಿಶಿಗಾಮಿ ಅಡ್ಡ ಬಂದಳು. "ಅದು ಗ್ಯಾಸ್ ಅಲ್ಲ, ಕಮೆನೋಯು! ನಿಮ್ಮ ಅಪ್ಪನ ಕಾಲದಿಂದ್ಲೂ ಹೆಸರು ಹಾಕದೆ ಕಡುಬು ಮಾರ್ತಾರೆ ಅಲ್ಲಿ!"

ಗ್ಯಾಸಿನವನು ಹೆಲ್ಮೆಟ್ ತೆಗೆದು ಸೊಂಟ ಬಗ್ಗಿಸಿ ಕ್ಷಮೆ ಕೇಳಿದ. ಬುಗ್ಗೆ ಎಲ್ಲಿದೆಯೆಂದು ವಿಳಾಸವನ್ನೂ ಕೇಳಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಘದ ಶರತ್ಕಾಲದ ಪ್ರವಾಸ ಹತ್ತಿರ ಬಂದಿತ್ತು. ಈ ಸಲ ಕಮೆನೋಯುಗೆ, ಹೊಸೋಯಾ ಸಾನ್ ಮುಂದಾಳು ಎಂದು ಸಭೆ ಚಪ್ಪಾಳೆ ಹೊಡೆದು ನಿರ್ಧರಿಸಿತು. ದಿನ ಶನಿವಾರ. ತೆತ್ಸುರೋಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಸಮಾಲೋಚನೆಯನ್ನೇ ಆ ವಾರ ಬಿಡೋಣವೇ ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದ. ಫುಸಾಯೆ ಮಗಳ ಬಾಗಿಲಿಗೆ ಹೋಗಿ ಬಂದಳು.

"ಈ ಶನಿವಾರ ತಪ್ಪಿದ್ರೆ ಇನ್ಯಾವ ಶನಿವಾರಾನೂ ಇಲ್ಲ ಅಂದ್ಲು. ಅವಳು ಹೇಳಿದ್ ಮೇಲೆ ಮುಗೀತು, ನಿಮಗ್ಗೊತ್ತು."

ತೆತ್ಸುರೋಗೆ ಗೊತ್ತಿತ್ತು. ನೆಟ್ಟಗೆ ಅಧ್ಯಕ್ಷೆಯ ಮನೆಗೆ ಹೋಗಿ ತಲೆ ತಗ್ಗಿಸಿದ. "ಒಂದು ಕೆಟ್ಟ ಸುದ್ದಿ. ಕಮೆನೋಯು ಬತ್ತಿಹೋಯ್ತು. ಒಂದು ಹನಿ ನೀರಿಲ್ಲ. ಶಾಶ್ವತವಾಗಿ ಮುಚ್ತಾರಂತೆ."

ಪಾಪದವನು ತನ್ನ ಜನವನ್ನೇ ಮರೆತಿದ್ದ. ಮುಚ್ಚುವ ಅಂಗಡಿ, ನಿಲ್ಲಿಸುವ ರೈಲು, ಕೆಡವುವ ಸೇತುವೆ ಎಂದರೆ ಸಾಕು, ಬದುಕಿದ್ದಾಗ ಕಣ್ಣೆತ್ತಿ ನೋಡದ ಜನವೆಲ್ಲ ಕೊನೆಯ ದಿನ ನುಗ್ಗುವ ದೇಶ ಅದು. ಕಿಶಿಗಾಮಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ಹಾಗಿದ್ರೆ ಕೊನೇ ದರ್ಶನ ಮಾಡ್ಲೇಬೇಕು!" ಬಸ್ಸಿನಲ್ಲಿ ಅರ್ಧ ಖಾಲಿಯಿದ್ದ ಸೀಟುಗಳೆಲ್ಲ ಅಂದೇ ತುಂಬಿದವು.

ಶನಿವಾರ ಹೊಸೋಯಾ ಮನೆಯ ನಾಲ್ವರನ್ನೂ ಹತ್ತಿಸಿಕೊಂಡು ಬಸ್ಸು ಹೊರಟಿತು. ಡ್ರೈವರ್ ದಾರಿ ಕೇಳಿದ. ತೆತ್ಸುರೋಗೆ ಬಾಯಿಗೆ ಬರುತ್ತಿದ್ದ ವಿಳಾಸ ಒಂದೇ, ಅದನ್ನೇ ಹೇಳಿದ. ಬೆಟ್ಟ ಬರುತ್ತದೆ, ಕಾಡು ಬರುತ್ತದೆ ಎಂದು ಜನ ಕಿಟಕಿಗೆ ಕಣ್ಣು ನೆಟ್ಟಿದ್ದರು. ಪಕ್ಕದೂರಿನಲ್ಲಿ ಸೈಕಲ್ ಅಂಗಡಿಯ ಪಕ್ಕದ ಆ ಹಳೆಯ ಸ್ನಾನಗೃಹದ ಎದುರು ಬಸ್ಸು ನಿಂತಿತು.

"ಇಷ್ಟು ಹತ್ರಾನಾ!" ಎಂದರು ಒಬ್ಬರು. "ಅದಕ್ಕೇ ಯಾರಿಗೂ ಗೊತ್ತಿಲ್ಲ," ಎಂದು ಕಿಶಿಗಾಮಿ ಗಂಭೀರವಾಗಿ ವಿವರಿಸಿದಳು.

ಟವೆಲು, ಚೊಂಬು, ಸೋಪು ಹಿಡಿದ ಮೆರವಣಿಗೆ ಒಳಗೆ ನುಗ್ಗಿತು. ತೊಕುನಾಗಾ ಬಾಗಿಲಲ್ಲಿ ಬೆಪ್ಪಾಗಿ ನಿಂತಳು. ಒಳಗೆ ನೋಡಿದರೆ ನಿಜಕ್ಕೂ ತೊಟ್ಟಿ, ನಿಜಕ್ಕೂ ಒಣಗಿದೆ! ನೆರೆಯವರು ಸುತ್ತ ನಿಂತು ತಲೆ ಬಾಗಿಸಿದರು. ಕೆಲವರು ಕೈ ಜೋಡಿಸಿದರು. ಹೆಂಗಸೊಬ್ಬಳು ತೊಟ್ಟಿಯ ಅಂಚನ್ನು ಸವರಿ "ಇನ್ನೂ ಬೆಚ್ಚಗಿದೆ" ಎಂದು ಕಣ್ಣೊರೆಸಿಕೊಂಡಳು. ಅಧ್ಯಕ್ಷೆಯ ಗಂಡ, ನಿವೃತ್ತ ಟ್ರಾಮ್ ಚಾಲಕ, ಮನೆಯಲ್ಲಿ 'ಊಟ', 'ಸ್ನಾನ', 'ನಿದ್ದೆ' ಎಂಬ ಮೂರು ಪದಗಳಲ್ಲೇ ಸಂಸಾರ ಮಾಡುತ್ತಿದ್ದವನು, ಯಾರಿಗೂ ಹೇಳದೆ ಬಟ್ಟೆ ಕಳಚಿ ಟವೆಲು ಸುತ್ತಿಕೊಂಡು, ಇನ್ನೊಂದನ್ನು ಮಡಿಸಿ ತಲೆಯ ಮೇಲಿಟ್ಟುಕೊಂಡು ಖಾಲಿ ತೊಟ್ಟಿಗೆ ಇಳಿದು ಕಣ್ಣು ಮುಚ್ಚಿ ಕುಳಿತ.

ಸುಳ್ಳು ಗೆದ್ದಿತ್ತು! ಇಷ್ಟು ಅಚ್ಚುಕಟ್ಟಾಗಿ ಯಾವ ಸತ್ಯವೂ ಗೆದ್ದದ್ದಿಲ್ಲ. ತೆತ್ಸುರೋಗೆ ನಂಬಲಾಗಲಿಲ್ಲ. ಇನ್ನೊಂದು ಗಳಿಗೆ ದುಃಖ ನಟಿಸಿದರೆ ಎಲ್ಲರೂ ಬಸ್ಸು ಹತ್ತುತ್ತಾರೆ, ಯಾರಿಗೂ ಯಾವತ್ತೂ ಏನೂ ತಿಳಿಯುವುದಿಲ್ಲ.

ಆಗ ಕಿಶಿಗಾಮಿ ಮಿನೋರಿಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. "ಎಂಥಾ ಮೊಮ್ಮಗಳಮ್ಮ ನೀನು! ಅಜ್ಜಿ ಮಂಡಿಗೋಸ್ಕರ ವಾರವಾರ ಬಂದ್ಯಲ್ಲ. ಸ್ಕೂಲು ಹೇಗೆ ನಡೀತಿದೆ ಪುಟ್ಟಿ?"

ಎಲ್ಲರೂ ನೋಡಿದರು. "ಚೆನ್ನಾಗಿ—" ಎಂದು ತೆತ್ಸುರೋನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅದಕ್ಕೆ ಅಭ್ಯಾಸವಿತ್ತು. ಮಿನೋರಿ ಅಪ್ಪನನ್ನು ಒಮ್ಮೆ ನೋಡಿ ಟೋಪಿಯನ್ನು ಮೂಗಿನತನಕ ಎಳೆದುಕೊಂಡಳು. ಮನೆಯ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುವ ಸದ್ದು ಅವನಿಗೆ ಅಲ್ಲೇ ಕೇಳಿಸಿದಂತಾಯಿತು. ಅವನಿಗೆ ತುಂಬ ಭಯವಾಯಿತು.

"ಚೆನ್ನಾಗಿಲ್ಲ," ಎಂದ. "ಅವಳು ಸ್ಕೂಲಿಗೆ ಹೋಗ್ತಿಲ್ಲ. ನನ್ನ ಹತ್ರ ಮಾತೂ ಆಡ್ತಿಲ್ಲ. ಇದು ಬುಗ್ಗೆ ಅಲ್ಲ, ಮನಸ್ಸು ಕೆಟ್ಟ ಸಂಸಾರಗಳು ಬಂದು ಮಾತಾಡೋ ಜಾಗ. ಅಮ್ಮನ ಮಂಡಿ ನೆಟ್ಟಗಿಲ್ಲ ನಿಜ, ಆದ್ರೆ ನಾವು ಬರ್ತಿದ್ದದ್ದು ಅದಕ್ಕಲ್ಲ. ಕಡುಬು ನಿಲ್ದಾಣದ್ದು. ಕಾಗದ ಇವಳು ಬರೆದದ್ದು. ಇವಳಿಗೆ ಏನೋ ಆಗಿದೆ ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ ಇಷ್ಟೆಲ್ಲ ಮಾಡ್ದೆ. ನಾಚಿಕೆ ಪಡ್ಬೇಕಾದೋನು ನಾನು."

ಗೋಡೆಗಳು ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿದವು. ಸೋಪು ಹಿಡಿದ ಜನಕ್ಕೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮೊದಲು ಬಾಯಿ ಬಿಟ್ಟದ್ದು ತೊಟ್ಟಿಯೊಳಗಿದ್ದ ಕಿಶಿಗಾಮಿಯ ಗಂಡ.

"ಅಂದ್ರೆ ನೀರು ಮೊದ್ಲಿಂದ್ಲೂ ಇರ್ಲಿಲ್ಲ?"

"ಇಲ್ಲ. ಕ್ಷಮಿಸಿ."

"ಇದ್ರೊಳಗೆ ಕೂತು ಮಾತಾಡ್ಬೇಕು, ಅಷ್ಟೇನಾ?"

"ಅಷ್ಟೇ."

ಅವನು ತಲೆಯ ಮೇಲಿನ ಟವೆಲನ್ನು ಸರಿಮಾಡಿಕೊಂಡ. "ಹಾಗಿದ್ರೆ ನಾನು ಏಳಲ್ಲ."

"ಏನ್ರೀ ಇದು!" ಎಂದಳು ಕಿಶಿಗಾಮಿ.

"ನಲವತ್ತು ವರ್ಷ ಗಂಟೆ ಬಾರಿಸ್ಕೊಂಡು ಟ್ರಾಮ್ ಓಡಿಸ್ದೆ. ಮನೇಲಿ ಬಾಯಿ ಬಿಟ್ರೆ ನೀನು ಸಂಘದ ನಡಾವಳಿಗೆ ಸೇರಿಸ್ತೀಯ. ಹೆದರ್ಕೊಂಡು ಮೂರೇ ಮಾತು ಇಟ್ಕೊಂಡಿದೀನಿ ಕಣೆ. ನಾಲ್ಕನೇದು ಇಲ್ಲಿ ಹೇಳ್ತೀನಿ!"

ತೊಕುನಾಗಾ ಅಷ್ಟರಲ್ಲಿ ಚೇತರಿಸಿಕೊಂಡಿದ್ದಳು. "ನಾಲ್ಕನೇದು ನಾನು ಖಂಡಿತ ಕೇಳ್ತೀನಿ. ಆದ್ರೆ ಇದು ಹೊಸೋಯಾ ಅವರ ಹೊತ್ತು. ದಯವಿಟ್ಟು ಎಲ್ಲರೂ ಆಚೆ ಕಾಯಿರಿ." ನಾಲ್ಕು ಜನ ಹಿಡಿದು ಅವನನ್ನು ಎತ್ತಬೇಕಾಯಿತು.

ಗಾಜಿನ ಬಾಗಿಲು ಮುಚ್ಚಿತು. ಹಳೆಯ ಬಟ್ಟೆ ಬಿಚ್ಚುವ ಕೋಣೆಯಲ್ಲಿ ಇಡೀ ಸಂಘ ಒತ್ತೊತ್ತಾಗಿ ಕುಳಿತಿತು. ಒಳಗಿನಿಂದ ಒಂದು ಹುಡುಗಿಯ ದನಿ ಶುರುವಾಯಿತು.

"ಎಲ್ಲರೂ ಕೆಮ್ಮಿ!" ಎಂದು ಕಿಶಿಗಾಮಿ ಪಿಸುಗುಟ್ಟಿದಳು. "ಅವರ ಮನೆ ಮಾತು ನಮ್ಮ ಕಿವಿಗೆ ಬೀಳ್ಬಾರ್ದು." ಎಲ್ಲರೂ ವಿಧೇಯರಾಗಿ ಕೆಮ್ಮಿದರು. ಸ್ವಲ್ಪ ಹೊತ್ತಿಗೆ ಅವಳೇ, "ಥೂ, ಸಾಕು ನಿಲ್ಸಿ, ಒಂದೂ ಕೇಳಿಸ್ತಿಲ್ಲ," ಎಂದಳು.

ಒಳಗೆ ಮಿನೋರಿ ಬೈಯುತ್ತಿದ್ದಳು. ಟೋಪಿ ಬೆನ್ನ ಮೇಲೆ ಬಿದ್ದಿತ್ತು. ಶಾಲೆಯಲ್ಲಿ ಹುಡುಗಿಯರೆಲ್ಲ ಸೇರಿ ತನ್ನನ್ನು ದೂರ ಮಾಡಿದ್ದನ್ನು ಹೇಳಿದ ದಿನವೇ ಅಪ್ಪ "ಹೊರಗೆ ಯಾರಿಗೂ ಹೇಳ್ಬೇಡ" ಅಂದದ್ದು, ತನ್ನನ್ನು ಏನು ಎತ್ತ ಎಂದು ಕೇಳದೆ ಕಿಟಕಿ ಮುಚ್ಚಿದ್ದು, ಊಟದ ಹೊತ್ತಿನಲ್ಲಿ ಟಿ.ವಿ.ಯ ಸದ್ದು ಏರಿಸಿದ್ದು, ಬುಗ್ಗೆಗೆ ಆಮೆಯ ಹೆಸರಿಟ್ಟದ್ದು, ಎಲ್ಲಕ್ಕೂ ಒಂದೊಂದಾಗಿ ಬೈದಳು. ಅಜ್ಜಿ ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡು ನಡುನಡುವೆ "ನಿಜ, ನಿಜ," ಎಂದು ತಲೆಯಾಡಿಸುತ್ತಿದ್ದಳು. ಫುಸಾಯೆ ಅಳುತ್ತಿದ್ದಳು. ತೆತ್ಸುರೋ ಒಂದೇ ಒಂದು ಸಲವೂ "ಆದ್ರೆ" ಅನ್ನಲಿಲ್ಲ. ಅವನ ಮಟ್ಟಿಗೆ ಅದು ಬೆಟ್ಟ ಎತ್ತಿದಷ್ಟು ಕೆಲಸ.

ಹೊತ್ತು ಮುಗಿದು ಅವರು ಹೊರಬಂದಾಗ ಇಡೀ ಸಂಘ ಏನೂ ಕೇಳಿಸದವರ ಹಾಗೆ ಚಾವಣಿಯನ್ನು ಅಭ್ಯಾಸ ಮಾಡುತ್ತಿತ್ತು. ಕಿಶಿಗಾಮಿ ಮಾತ್ರ ತೊಕುನಾಗಾಳನ್ನು ಪಕ್ಕಕ್ಕೆ ಕರೆದು, ಗಂಡನ ಕಡೆ ಕಣ್ಣು ಹಾಯಿಸುತ್ತ, ಭಾನುವಾರಗಳಲ್ಲಿ ಬಿಡುವಿದೆಯೇ ಎಂದು ತೀರ ಸಣ್ಣ ದನಿಯಲ್ಲಿ ಕೇಳಿದಳು. ಗೋಡೆಗಳು ಅದನ್ನು ಎಲ್ಲರಿಗೂ ತಿಳಿಸಿದವು.

ಬಸ್ಸಿನಲ್ಲಿ ತೆತ್ಸುರೋ ಕೊನೆಯ ಸೀಟಿನ ಕಿಟಕಿಗೆ ಒತ್ತಿಕೊಂಡು ಕುಳಿತ. ಅವನ ಪಕ್ಕ ಕೂರಲು ಯಾರಿಗೂ ಧೈರ್ಯವಾಗಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಮಿನೋರಿ ಅಮ್ಮನ ಪಕ್ಕದಿಂದ ಎದ್ದು, ಸೀಟುಗಳನ್ನು ಹಿಡಿದುಕೊಂಡು ಹಿಂದೆ ಬಂದಳು.

"ಅಪ್ಪ, ಸ್ವಲ್ಪ ಸರ್ಕೋ," ಎಂದಳು. "ಇನ್ನೂ ಮುಗ್ದಿಲ್ಲ."

ತೆತ್ಸುರೋ ಗಡಬಡಿಸಿ ಅವಳಿಗೆ ಕಿಟಕಿಯ ಸೀಟನ್ನೇ ಬಿಟ್ಟುಕೊಟ್ಟ.